ಕೂಗುತ್ತಲೇ ಪಿಸುಮಾತು ಕೇಳಿಸಿಕೊಳ್ಳುವುದು

ಈಗಷ್ಟೇ ನಾನು ಮೈಕ್ ಹಿಡಿದು ಆ ಸ್ಪೀಕರ್ ಮುಂದೆ ಹೋದಾಗ 'ಕುಂಯ್' ಅಂತ ಬಂದ ಸದ್ದಿಗೆ ನೀವೆಲ್ಲ ಕಿವಿ ಮುಚ್ಚಿಕೊಂಡಿರಿ. ಕ್ಷಮಿಸಿ, ಅದು ಬೇಕಂತಲೇ ಮಾಡಿದ್ದು. ಮೈಕಿನ ಕೆಲಸ ಕೇಳಿಸಿಕೊಳ್ಳುವುದು, ಸ್ಪೀಕರಿನ ಕೆಲಸ ಹೇಳುವುದು. ಎರಡನ್ನೂ ಎದುರುಬದುರು ಇಟ್ಟರೆ ಸ್ಪೀಕರ್ ಹೇಳಿದ್ದೇ ಮೈಕಿಗೆ ಹೊಕ್ಕು, ಮೈಕಿಗೆ ಹೊಕ್ಕಿದ್ದೇ ಮತ್ತೆ ಸ್ಪೀಕರಿನಿಂದ ಹೊರಬಂದು, ಕ್ಷಣಾರ್ಧದಲ್ಲಿ ಊಳಿಡುತ್ತದೆ. ರೇಡಿಯೋದಲ್ಲೂ ಇದೇ ತೊಂದರೆ. ಅಲ್ಲಿ ಸಾಮಾನ್ಯವಾಗಿ ಊಳು ಏಳುವುದಿಲ್ಲ, ಕಿವಿ ಕಿವುಡಾಗುತ್ತದೆ, ಅಷ್ಟೇ ವ್ಯತ್ಯಾಸ. ತಾನು ಮಾತಾಡುತ್ತಿರುವಾಗ ರೇಡಿಯೋಗೆ ಬೇರೆ ಯಾರ ಮಾತೂ ಕೇಳಿಸುವುದಿಲ್ಲ.

ಇಷ್ಟು ಹೇಳಿದ ತಕ್ಷಣ ಯಾರಾದರೂ ಒಬ್ಬರು ಕೈ ಎತ್ತುತ್ತಾರೆ. ಇವತ್ತು ಮುಂದಿನ ಸಾಲಿನಲ್ಲೇ ಎತ್ತಿದ್ದಾರೆ. "ಫೋನಿನಲ್ಲಿ ನಾವಿಬ್ಬರೂ ಒಟ್ಟಿಗೇ ಮಾತಾಡುತ್ತೇವೆ, ಜಗಳವನ್ನೂ ಆಡುತ್ತೇವೆ, ಇಬ್ಬರಿಗೂ ಕೇಳಿಸುತ್ತದಲ್ಲ?" ಕೇಳಿಸುತ್ತದೆ, ನಿಜ. ಆದರೆ ಅದರ ಹಿಂದೆ ಒಂದು ಉಪಾಯ ಇದೆ. ಉಪಾಯ ಎರಡು ಬಗೆಯದು.

ಮೊದಲನೆಯದು, ದಾರಿಯನ್ನೇ ಬೇರೆ ಮಾಡುವುದು. ಜಿಎಸ್‌ಎಂ 900 ಅನ್ನುವ ಹಳೆಯ ಬ್ಯಾಂಡ್ ತೆಗೆದುಕೊಳ್ಳಿ. ಅದರಲ್ಲಿ ಫೋನ್ ಮಾತಾಡುವುದು 890ರಿಂದ 915 ಮೆಗಾಹರ್ಟ್ಸ್ ಒಳಗೆ, ಟವರ್ ಮಾತಾಡುವುದು 935ರಿಂದ 960ರ ಒಳಗೆ. ಪ್ರತಿ ಜೋಡಿಯ ನಡುವೆ 45 ಮೆಗಾಹರ್ಟ್ಸ್ ಅಂತರ. ಹೀಗೆ ಬೇರೆ ಬೇರೆ ದಾರಿಯಲ್ಲಿ ಒಟ್ಟಿಗೇ ಹೇಳಿ ಕೇಳುವ ರೇಡಿಯೋದೊಳಗೆ ಡುಪ್ಲೆಕ್ಸರ್ ಅಂತ ಒಂದು ಫಿಲ್ಟರ್ ಕೂತಿರುತ್ತದೆ, ತನ್ನ ದನಿಯನ್ನು ತನ್ನ ಕಿವಿಗೆ ಹೋಗದಂತೆ ತಡೆಯುವ ಬಾಗಿಲು ಅದು. ಇದನ್ನು ಎಫ್‌ಡಿಡಿ ಅನ್ನುತ್ತಾರೆ. ಎರಡನೆಯದು, ಸರದಿ ಹಚ್ಚುವುದು: ಒಂದೇ ಆವರ್ತನ, ಆದರೆ ಸ್ವಲ್ಪ ಹೊತ್ತು ನೀನು, ಸ್ವಲ್ಪ ಹೊತ್ತು ನಾನು. ಇದು ಟಿಡಿಡಿ. 3.5 ಗಿಗಾಹರ್ಟ್ಸ್ ಸುತ್ತಲಿನ 5ಜಿ ನಡೆಯುವುದು ಹೀಗೆ. ಅಲ್ಲಿ ಅರ್ಧ ಮಿಲಿಸೆಕೆಂಡಿನ ತುಂಡುಗಳು. ತುಂಬ ಬಳಕೆಯಲ್ಲಿರುವ ಒಂದು ಕ್ರಮದಲ್ಲಿ ಮೂರು ತುಂಡು ಟವರಿಗೆ, ಒಂದು ತುಂಡು ದಿಕ್ಕು ಬದಲಿಸಲಿಕ್ಕೆ, ಕೊನೆಯ ಒಂದೇ ಒಂದು ತುಂಡು ಫೋನಿಗೆ. ನಿಮ್ಮ ಮಾತು 20 ಮಿಲಿಸೆಕೆಂಡಿನ ಪೊಟ್ಟಣಗಳಾಗಿ ಹೋಗುವುದರಿಂದ ಎರಡೂವರೆ ಮಿಲಿಸೆಕೆಂಡಿಗೊಮ್ಮೆ ನಡೆಯುವ ಈ ಸರದಿ ನಿಮ್ಮ ಗಮನಕ್ಕೇ ಬರುವುದಿಲ್ಲ. ವಾಕಿಟಾಕಿಯಲ್ಲಿ 'ಓವರ್' ಅಂತ ನಾವು ಬಾಯಿಬಿಟ್ಟು ಹೇಳುತ್ತಿದ್ದೆವು, ಇಲ್ಲಿ ಯಂತ್ರ ನಮ್ಮ ಪರವಾಗಿ ಸೆಕೆಂಡಿಗೆ 400 ಸಲ ಹೇಳುತ್ತಿದೆ.

ಇಲ್ಲೊಂದು ಮಾತು. ಪತ್ರಿಕೆಗಳಲ್ಲಿ 'ತರಂಗಾಂತರ ಹರಾಜು' ಅಂತ ಓದುತ್ತೀರಿ. ತರಂಗಾಂತರ ಅಂದರೆ ವೇವ್‌ಲೆಂತ್, ಎರಡು ಅಲೆಗಳ ನಡುವಿನ ದೂರ. ಹರಾಜಾಗುವುದು ಆವರ್ತನಗಳ ಪಟ್ಟಿ. ಪದ ರೂಢಿಗೆ ಬಂದುಬಿಟ್ಟಿದೆ, ಅದರ ಜೊತೆ ಗುದ್ದಾಡುವ ಉಮೇದು ನನಗಿಲ್ಲ. ಆದರೆ ಮುಂದೆ ನಾನು ತರಂಗಾಂತರ ಅಂದಾಗ ಸೆಂಟಿಮೀಟರಿನಲ್ಲಿ ಅಳೆಯುವ ದೂರವನ್ನೇ ಹೇಳುತ್ತಿರುತ್ತೇನೆ. ನೆನಪಿಟ್ಟುಕೊಳ್ಳಿ, ಬೇಕಾಗುತ್ತದೆ.

ಎಫ್‌ಡಿಡಿಯಲ್ಲಿ ಜಾಗವನ್ನು ಅರ್ಧ ಮಾಡಿದೆವು, ಟಿಡಿಡಿಯಲ್ಲಿ ಹೊತ್ತನ್ನು ಹಂಚಿದೆವು. ಎರಡನ್ನೂ ಹಂಚದೆ, ಅದೇ ಆವರ್ತನದಲ್ಲಿ ಅದೇ ಕ್ಷಣದಲ್ಲಿ ಹೇಳುವುದು, ಕೇಳುವುದು ಎರಡೂ ನಡೆದರೆ ಅದು ಫುಲ್ ಡುಪ್ಲೆಕ್ಸ್. ಲೆಕ್ಕದ ಪ್ರಕಾರ ಇದ್ದ ಜಾಗದಲ್ಲೇ ಎರಡು ಪಟ್ಟು ಮಾತು. ಸ್ಪೆಕ್ಟ್ರಮ್ ಎಷ್ಟು ದುಬಾರಿ ಅಂತ ಗೊತ್ತಿರುವವರಿಗೆ ಈ 'ಎರಡು ಪಟ್ಟು' ಅನ್ನುವುದು ಬಾಯಲ್ಲಿ ನೀರೂರಿಸುವ ಮಾತು. ಆ ಮಾತನ್ನು ನಾನು ಎಷ್ಟು ನಂಬುತ್ತೇನೆ ಅನ್ನುವುದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಕೂಗು ಎಷ್ಟು ದೊಡ್ಡದು, ಪಿಸುಮಾತು ಎಷ್ಟು ಸಣ್ಣದು ನೋಡೋಣ. ದೊಡ್ಡ ಟವರಿನ ಒಂದು ಟ್ರಾನ್ಸ್‌ಮಿಟರ್ 40 ವ್ಯಾಟ್ ಹೊರಹಾಕುತ್ತದೆ ಅಂದುಕೊಳ್ಳಿ. ಫೋನ್ ಹೆಚ್ಚೆಂದರೆ 0.2 ವ್ಯಾಟ್. ಆ 0.2 ವ್ಯಾಟ್ ಗೋಡೆ, ಮರ, ಕಟ್ಟಡಗಳನ್ನೆಲ್ಲ ದಾಟಿ ಟವರಿಗೆ ಮುಟ್ಟುವಷ್ಟರಲ್ಲಿ ಒಂದು ವ್ಯಾಟಿನ ಹತ್ತು ಲಕ್ಷ ಕೋಟಿಯ ಒಂದು ಪಾಲು ಉಳಿದಿರಬಹುದು. ಇದು ಸೆಲ್ಲಿನ, ಅಂದರೆ ಒಂದು ಟವರಿನ ವ್ಯಾಪ್ತಿಯ, ಅಂಚಿನಲ್ಲಿರುವ ಫೋನಿಗೆ ದಿನನಿತ್ಯದ ಸಂಗತಿ. 40 ವ್ಯಾಟನ್ನು ಅದರಿಂದ ಭಾಗಿಸಿದರೆ ನಾಲ್ಕು ಕೋಟಿ ಕೋಟಿ ಪಟ್ಟು. ಇಂಥ ಸಂಖ್ಯೆ ಬರೆದು ಬರೆದು ಸಾಕಾಗಿ ನಮ್ಮವರು ಡೆಸಿಬೆಲ್ ಇಟ್ಟುಕೊಂಡಿದ್ದಾರೆ. ಪ್ರತಿ 10 ಡೆಸಿಬೆಲ್‌ಗೆ ಹತ್ತು ಪಟ್ಟು: 20 ಅಂದರೆ ನೂರು, 30 ಅಂದರೆ ಸಾವಿರ. ಈ ನಾಲ್ಕು ಕೋಟಿ ಕೋಟಿ ಅನ್ನುವುದು 146 ಡೆಸಿಬೆಲ್. ತನ್ನ ಕೂಗನ್ನು ಅಷ್ಟು ಪಟ್ಟು ಕುಗ್ಗಿಸಿಕೊಂಡರೆ ಮಾತ್ರ ಟವರಿಗೆ ಆ ಫೋನಿನ ಪಿಸುಮಾತು ತನ್ನ ದನಿಯ ಮಟ್ಟಕ್ಕೆ ಬರುತ್ತದೆ. ಅದಿನ್ನೂ ಸಮಬಲ, ಸ್ಪಷ್ಟವಾಗಿ ಕೇಳಿಸಬೇಕಾದರೆ ಇನ್ನೂ ಕುಗ್ಗಿಸಬೇಕು.

ಈಗ ಇವತ್ತಿನ ಮುಖ್ಯ ಪ್ರಶ್ನೆ. ನಾನು ಈ ಕ್ಷೇತ್ರಕ್ಕೆ ಬಂದ ಹೊಸದರಲ್ಲಿ ನನ್ನನ್ನು ತುಂಬ ಕಾಡಿದ್ದು ಇದು. ಅಡ್ಡಿ ಮಾಡುತ್ತಿರುವುದು ಪರರ ಮಾತಲ್ಲ, ನನ್ನದೇ ಮಾತು. ನಾನೇನು ಹೇಳುತ್ತಿದ್ದೇನೆ ಅಂತ ನನಗೆ ಒಂದಕ್ಷರ ಬಿಡದೆ ಗೊತ್ತು. ಹಾಗಿದ್ದ ಮೇಲೆ ಬಂದದ್ದರಲ್ಲಿ ನನ್ನದನ್ನು ಕಳೆದುಬಿಟ್ಟರೆ ಉಳಿದದ್ದು ಅವರದು. ಒಂದು ಮೈನಸ್ ಚಿಹ್ನೆಯ ಕೆಲಸಕ್ಕೆ ಇಷ್ಟೆಲ್ಲ ರಂಪ ಏಕೆ?

ರಂಪಕ್ಕೆ ಕಾರಣ ಎರಡು. ಒಂದು ತಕ್ಕಡಿಯದು. ಲಾರಿ ತೂಗುವ ವೇಬ್ರಿಜ್ ಮೇಲೆ 40 ಟನ್ನಿನ ಲಾರಿ ನಿಲ್ಲಿಸಿ, ಅದರ ಮೇಲೊಂದು ಅಂಚೆಚೀಟಿ ಇಡಿ. ಒಟ್ಟು ತೂಕದಲ್ಲಿ ಲಾರಿಯ ತೂಕ ಕಳೆದು ಚೀಟಿಯ ತೂಕ ಹೇಳಿ ಅಂದರೆ? ಗಣಿತ ಸರಿಯಾಗಿಯೇ ಇದೆ, ಆದರೆ ತಕ್ಕಡಿಗೆ ಚೀಟಿ ಕಾಣಿಸುವುದೇ ಇಲ್ಲ. ಲಾರಿಗೂ ಚೀಟಿಗೂ ಇರುವ ಅಂತರ ಸುಮಾರು 90 ಡೆಸಿಬೆಲ್, ನಮ್ಮದು 146. ರಿಸೀವರಿನಲ್ಲಿ ಈ ತಕ್ಕಡಿಯ ಹೆಸರು ಎಡಿಸಿ, ಅಲೆಯನ್ನು ಅಂಕಿಯಾಗಿಸುವ ಚಿಪ್. ಅದರ ಒಂದೊಂದು ಬಿಟ್ಟಿಗೆ 6 ಡೆಸಿಬೆಲ್ ಅಂತ ಲೆಕ್ಕ. 12 ಬಿಟ್ಟಿನದಕ್ಕೆ ಕಾಗದದ ಮೇಲೆ ಎಪ್ಪತ್ತರ ಆಸುಪಾಸು, ಕೈಗೆ ಸಿಗುವುದು ಅದಕ್ಕಿಂತ ಕಡಿಮೆ. ಹಾಗಾಗಿ ಅಂಕಿಯಾಗುವ ಮುಂಚೆಯೇ, ಅಲೆ ಅಲೆಯಾಗಿರುವಾಗಲೇ, ಲಾರಿಯ ಬಹುಪಾಲನ್ನು ತಕ್ಕಡಿಯಿಂದ ಇಳಿಸಬೇಕು. ಸಾಫ್ಟ್‌ವೇರಿನಲ್ಲಿ ಆಮೇಲೆ ನೋಡಿಕೊಳ್ಳೋಣ ಅನ್ನುವ ಹಾಗಿಲ್ಲ.

ಎರಡನೆಯ ಕಾರಣ ನನಗೆ ಇನ್ನೂ ಇಷ್ಟ. ನಿಮ್ಮ ದನಿಯನ್ನು ಮೊದಲ ಸಲ ರೆಕಾರ್ಡ್ ಮಾಡಿ ಕೇಳಿದ್ದು ನೆನಪಿದೆಯಾ? 'ಥೂ, ಇದು ನಾನಾ?' ಅನ್ನಿಸುತ್ತದೆ. ಒಳಗಿನಿಂದ ನಮಗೆ ಕೇಳುವ ದನಿಯೇ ಬೇರೆ, ಹೊರಗೆ ಹೋಗುವ ದನಿಯೇ ಬೇರೆ. ರೇಡಿಯೋದ ಪಾಡೂ ಅದೇ. ಅದಕ್ಕೆ ಗೊತ್ತಿರುವುದು ಕಂಪ್ಯೂಟರಿನೊಳಗಿನ ಶುದ್ಧ ಅಂಕಿಗಳು. ಆ ಅಂಕಿ ಅಲೆಯಾಗಿ, ಪವರ್ ಆಂಪ್ಲಿಫೈಯರಿನಲ್ಲಿ ಹಿಗ್ಗಿ ಹೊರಬೀಳುವ ಹೊತ್ತಿಗೆ ಏನೇನೋ ಅಂಟಿಕೊಂಡಿರುತ್ತದೆ. ಆಂಪ್ಲಿಫೈಯರ್ ದೊಡ್ಡ ಅಲೆಯ ನೆತ್ತಿಯನ್ನು ಕೊಂಚ ಚಪ್ಪಟೆ ಮಾಡುತ್ತದೆ, ಅದರಿಂದ ಮೂಲದಲ್ಲಿ ಇಲ್ಲದ ಹೊಸ ಆವರ್ತನಗಳು ಹುಟ್ಟುತ್ತವೆ. ಅಲೆಗೆ ತಾಳ ಹಾಕುವ ಆಸಿಲೇಟರ್ ಸಣ್ಣಗೆ ನಡುಗುತ್ತಿರುತ್ತದೆ. ಟ್ರಾನ್ಸ್‌ಮಿಟರ್ ತನ್ನದೇ ಗದ್ದಲ ಸೇರಿಸುತ್ತದೆ, ಅದಂತೂ ಯಾವ ಅಂಕಿಯಲ್ಲೂ ಬರೆದಿಟ್ಟಿರುವುದಿಲ್ಲ. ಮಾಮೂಲಿ ಸಂವಹನದಲ್ಲಿ ಇವೆಲ್ಲ ಲೆಕ್ಕಕ್ಕೇ ಬರದ ಕಸ. ನಾಲ್ಕು ಕೋಟಿ ಕೋಟಿ ಪಟ್ಟು ಸಣ್ಣದನ್ನು ಹುಡುಕಲು ಹೊರಟವನಿಗೆ ಆ ಕಸವೇ ಬೆಟ್ಟ. ಫುಲ್ ಡುಪ್ಲೆಕ್ಸಿನ ಇಡೀ ಎಂಜಿನಿಯರಿಂಗು, ನನ್ನ ಪ್ರಕಾರ, ತನ್ನ ದನಿ ಹೊರಗಿನವರಿಗೆ ಹೇಗೆ ಕೇಳಿಸುತ್ತದೆ ಅಂತ ರೇಡಿಯೋ ಕಲಿಯುವ ಕೆಲಸ.

ಬಹುಕಾಲ ಇದು ಆಗದ ಮಾತು ಅಂತಲೇ ಎಲ್ಲರೂ ಪಾಠ ಮಾಡುತ್ತಿದ್ದರು. 2010ರಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ರೈಸ್ ವಿಶ್ವವಿದ್ಯಾಲಯಗಳ ತಂಡಗಳು ಪ್ರಯೋಗ ಮಾಡಿ ತೋರಿಸಿದ ಮೇಲೆ ಗಾಳಿ ಬದಲಾಯಿತು. ಸ್ಟ್ಯಾನ್‌ಫರ್ಡಿನವರ ಆ ಮೊದಲ ಉಪಾಯ ಎಷ್ಟು ಸರಳ ಅಂದರೆ ಬೋರ್ಡಿನ ಮೇಲೆ ಒಂದು ಗೆರೆ ಸಾಕು. ಹೇಳುವ ಆಂಟೆನಾ ಎರಡು, ಕೇಳುವ ಆಂಟೆನಾ ಒಂದು. ಕೇಳುವ ಆಂಟೆನಾದಿಂದ, ಹೇಳುವ ಎರಡರಲ್ಲಿ ಒಂದನ್ನು ಇನ್ನೊಂದಕ್ಕಿಂತ ಸರಿಯಾಗಿ ಅರ್ಧ ತರಂಗಾಂತರ ಹೆಚ್ಚು ದೂರ ಇಡಿ. 2.4 ಗಿಗಾಹರ್ಟ್ಸಿನಲ್ಲಿ ತರಂಗಾಂತರ 12.5 ಸೆಂಟಿಮೀಟರ್, ಅರ್ಧ ಅಂದರೆ 6.25. ಒಂದರ ಅಲೆ ಏಳುವ ಕಡೆ ಇನ್ನೊಂದರದು ಬೀಳುತ್ತದೆ. ಕೇಳುವ ಆಂಟೆನಾ ಇರುವ ಆ ಒಂದು ಬಿಂದುವಿನಲ್ಲಿ ಎರಡೂ ಒಂದನ್ನೊಂದು ನುಂಗಿಕೊಂಡು ಮೌನ.

ಚೆಂದವೇ. ಆದರೆ ಅಳತೆಪಟ್ಟಿ ಹಿಡಿದು ನೋಡಿ. ಆಂಟೆನಾ ಒಂದೇ ಒಂದು ಮಿಲಿಮೀಟರ್ ಅತ್ತಿತ್ತಾದರೆ ಕಳೆಯುವಿಕೆ 26 ಡೆಸಿಬೆಲ್‌ಗೆ ನಿಂತುಬಿಡುತ್ತದೆ. ಮಿಲಿಮೀಟರ್ ಸರಿಯಾಗಿಯೇ ಇಟ್ಟಿರಿ ಅನ್ನಿ, 6.25 ಸೆಂಟಿಮೀಟರ್ ಅರ್ಧ ತರಂಗಾಂತರ ಆಗುವುದು ನಟ್ಟನಡುವಿನ ಆವರ್ತನಕ್ಕೆ ಮಾತ್ರ. 80 ಮೆಗಾಹರ್ಟ್ಸ್ ಅಗಲದ ಸಿಗ್ನಲ್ ಆದರೆ ಅದರ ಎರಡು ಅಂಚಿನಲ್ಲಿ ಮತ್ತೆ ಅದೇ 26ರ ಆಸುಪಾಸಿಗೆ ಬಂದು ನಿಲ್ಲುತ್ತೀರಿ. 2013ರಲ್ಲಿ ಸ್ಟ್ಯಾನ್‌ಫರ್ಡಿನವರೇ ಬೇರೆ ದಾರಿ ಹಿಡಿದರು. ಆಂಟೆನಾ ಒಂದೇ, ನಡುವೆ ಸರ್ಕ್ಯುಲೇಟರ್ ಅನ್ನುವ ಏಕಮುಖ ವೃತ್ತ. ಹೊರಹೋಗುವ ಸಿಗ್ನಲಿನ ಒಂದು ಪಾಲನ್ನು ಆಂಪ್ಲಿಫೈಯರ್ ಆದ ಮೇಲೆ, ಅಂದರೆ ಕಸವೆಲ್ಲ ಅಂಟಿಕೊಂಡ ಮೇಲೆ, ಕದ್ದು ತೆಗೆದುಕೊಳ್ಳುವುದು. ಅದನ್ನು ಬೇರೆ ಬೇರೆ ಉದ್ದದ ತಂತಿದಾರಿಗಳಲ್ಲಿ ಹಾಯಿಸಿ, ಒಂದೊಂದನ್ನೂ ಬೇಕಾದಷ್ಟು ಕುಗ್ಗಿಸಿ, ಕೂಡಿಸಿ, ಒಳಬರುವುದರಿಂದ ಕಳೆಯುವುದು. ಉಳಿದದ್ದನ್ನು ಸಾಫ್ಟ್‌ವೇರ್ ಗುಡಿಸುತ್ತದೆ. 80 ಮೆಗಾಹರ್ಟ್ಸ್ ಅಗಲದ ವೈಫೈ ಸಿಗ್ನಲಿನಲ್ಲಿ 110 ಡೆಸಿಬೆಲ್ ಕಳೆದು ತೋರಿಸಿದರು. ಹತ್ತು ಸಾವಿರ ಕೋಟಿ ಪಟ್ಟು! ಆ ವೈಫೈ ಹೊರಹಾಕುವುದು 0.1 ವ್ಯಾಟ್, ಅದಕ್ಕೆ 110 ಸಾಕು. ಟವರಿನ 146 ಅಲ್ಲಿಂದ ಇನ್ನೂ ದೂರ.

ಇಂಥ ಒಂದು ಸರ್ಕ್ಯೂಟ್ ಬೋರ್ಡಿನ ಮುಂದೆ ನಾನೂ ತಿಂಗಳುಗಟ್ಟಲೆ ಕೂತಿದ್ದೇನೆ. ಸ್ಪೆಕ್ಟ್ರಮ್ ಅನಲೈಸರಿನ ಪರದೆ ಮೇಲೆ ನಮ್ಮದೇ ಸಿಗ್ನಲ್ ಒಂದು ದಿಬ್ಬದ ಹಾಗೆ ಕಾಣುತ್ತದೆ. ಒಂದೊಂದೇ ತಿರುಪನ್ನು ತಿರುಗಿಸುತ್ತ ಹೋದ ಹಾಗೆ ದಿಬ್ಬ ಕುಸಿಯುತ್ತದೆ, ನಡುವೆ ಹೊಂಡ ಬೀಳುತ್ತದೆ, ಹೊಂಡ ಅಗಲವಾಗುತ್ತದೆ. ಒಂದು ಸಂಜೆ ಇನ್ನೇನು ಹಸಿರು ಗೆರೆ ನೆಲಕ್ಕೆ ತಾಗಿತು ಅನ್ನುವಾಗ ಒಂದು ಬದಿ ಸರಕ್ಕನೆ ಎದ್ದು ನಿಂತಿತು. ನಾನು ಏನನ್ನೂ ಮುಟ್ಟಿರಲಿಲ್ಲ. ಹಿಂತಿರುಗಿ ನೋಡಿದರೆ ಜೊತೆಗಿದ್ದವರು ಆಕಳಿಸುತ್ತ ಉಕ್ಕಿನ ಕುರ್ಚಿಯೊಂದನ್ನು ನನ್ನ ಕಡೆ ಎಳೆದುಕೊಂಡು ಬರುತ್ತಿದ್ದರು. ಕುರ್ಚಿ ಎರಡು ಮೀಟರ್ ದೂರದಲ್ಲಿತ್ತು. ಅಲೆ ಹೋಗಿ ಬಡಿದು ಬರಲು ನಾಲ್ಕು ಮೀಟರ್. ಬೆಳಕು ಒಂದು ನ್ಯಾನೋಸೆಕೆಂಡಿಗೆ 30 ಸೆಂಟಿಮೀಟರ್ ಸಾಗುತ್ತದೆ, ಅಂದರೆ ಸುಮಾರು 13 ನ್ಯಾನೋಸೆಕೆಂಡ್ ತಡವಾಗಿ ಬಂದ ನಮ್ಮದೇ ಪ್ರತಿಧ್ವನಿ ಅದು. ಬೋರ್ಡಿನ ತಂತಿದಾರಿಗಳು ಅಷ್ಟು ಉದ್ದ ಇರಲಿಲ್ಲ. ಕುರ್ಚಿ ನಿಂತಿತು, ಗೆರೆ ಅಲ್ಲೇ ನಿಂತಿತು. ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಅಂದೆ, ಗೆರೆ ಇಳಿಯಿತು. ಆಮೇಲೆ ಅರ್ಧ ಗಂಟೆ ನಾವಿಬ್ಬರೂ ಕೆಲಸ ಬಿಟ್ಟು ಕುರ್ಚಿಯನ್ನೇ ಹಿಂದೆ ಮುಂದೆ ಎಳೆದಾಡಿದೆವು.

ಕುರ್ಚಿ ಇಲ್ಲದ ಲೋಕದಲ್ಲಿ ಈ ಸಮಸ್ಯೆ ಎಂದೋ ಬಗೆಹರಿದಿದೆ. ಹಳೆಯ ಲ್ಯಾಂಡ್‌ಲೈನ್ ನೆನಪಿಸಿಕೊಳ್ಳಿ. ಎರಡೇ ಎರಡು ತಂತಿ, ಅದರಲ್ಲೇ ಎರಡೂ ಕಡೆಯ ಮಾತು, ಒಂದೇ ಹೊತ್ತಿಗೆ. ಹೈಬ್ರಿಡ್ ಅನ್ನುವ ಸುರುಳಿ ನಿಮ್ಮ ದನಿ ನಿಮ್ಮ ಕಿವಿಗೇ ಬಡಿಯದಂತೆ ತಡೆಯುತ್ತಿತ್ತು. ಪೂರ್ತಿ ತಡೆದರೆ ಫೋನ್ ಸತ್ತಿದೆ ಅಂತ ಜನ ಅಂದುಕೊಳ್ಳುತ್ತಾರೆ, ಅದಕ್ಕೇ ಸ್ವಲ್ಪ ಬಿಡುತ್ತಿದ್ದರು. ಉಪಗ್ರಹದ ಮೂಲಕ ಕರೆಗಳು ಶುರುವಾದಾಗ ಕಷ್ಟ ಬಂತು. 36,000 ಕಿಲೋಮೀಟರ್ ಎತ್ತರಕ್ಕೆ ಹೋಗಿ ಆ ಬದಿ ತಲುಪಿ, ಅಲ್ಲಿನ ಹೈಬ್ರಿಡ್ಡಿನಲ್ಲಿ ಸೋರಿ, ಅರ್ಧ ಸೆಕೆಂಡ್ ಕಳೆದು ನಿಮ್ಮದೇ ಮಾತು ನಿಮಗೆ ವಾಪಸ್. ಬೆಲ್ ಲ್ಯಾಬ್ಸಿನಲ್ಲಿದ್ದ ಮನಮೋಹನ ಸೋಂಧಿ 1967ರಲ್ಲಿ ಪ್ರಕಟಿಸಿದ ಬರಹ ಇಂಥ ಪ್ರತಿಧ್ವನಿಯನ್ನು ತಾನೇ ಕಲಿತು ಕಳೆಯುವ ಯಂತ್ರದ್ದು. ಇವತ್ತು ನಾವು ರೇಡಿಯೋದಲ್ಲಿ ಮಾಡುವ ಸಾಫ್ಟ್‌ವೇರ್ ಕಳೆಯುವಿಕೆ ಅದರ ಮೊಮ್ಮಗು. 1999ರ ಗಿಗಾಬಿಟ್ ಈಥರ್ನೆಟ್ ತಂತಿಯಲ್ಲೂ ನಾಲ್ಕು ಜೋಡಿಗಳ ಪ್ರತಿಯೊಂದರಲ್ಲೂ ಎರಡೂ ದಿಕ್ಕಿನ ಮಾತು ಒಟ್ಟಿಗೇ ಹರಿಯುತ್ತದೆ. ನಿಮ್ಮ ಕಂಪ್ಯೂಟರಿಗೆ ಅಂಥ ಕೇಬಲ್ ಚುಚ್ಚಿದ್ದರೆ ಫುಲ್ ಡುಪ್ಲೆಕ್ಸ್ ಆಗಲೇ ನಿಮ್ಮ ಮೇಜಿನ ಮೇಲಿದೆ. ತಂತಿಯೊಳಗೆ ಯಾರೂ ಕುರ್ಚಿ ಎಳೆಯುವುದಿಲ್ಲ.

ಇಷ್ಟು ಹೊತ್ತೂ ಒಂದು ರೇಡಿಯೋ ಬಗ್ಗೆ ಮಾತಾಡಿದೆ. ಸೆಲ್ಯುಲಾರ್ ಜಾಲದಲ್ಲಿ ಒಂಟಿ ರೇಡಿಯೋ ಇರುವುದಿಲ್ಲ, ಊರೆಲ್ಲ ನೆರೆಹೊರೆ. 'ಎರಡು ಪಟ್ಟು' ಮಾತಿಗೆ ಹಿಂತಿರುಗುತ್ತೇನೆ ಅಂದಿದ್ದು ಇಲ್ಲಿಗೇ.

ಒಂದು ಲೆಕ್ಕ ಮಾಡೋಣ. ನಿಮ್ಮ ಟವರ್ ಹೇಗೋ ತಪಸ್ಸು ಮಾಡಿ ತನ್ನ ದನಿಯನ್ನು ಪೂರ್ತಿ ಅಳಿಸಿಕೊಂಡಿದೆ ಅನ್ನಿ. ಅರ್ಧ ಕಿಲೋಮೀಟರ್ ದೂರದಲ್ಲಿ ಇನ್ನೊಂದು ಟವರ್, ಅದೂ 40 ವ್ಯಾಟ್, ಅದೂ 3.5 ಗಿಗಾಹರ್ಟ್ಸ್. ಎರಡೂ ಎತ್ತರದಲ್ಲಿವೆ, ನಡುವೆ ಬರಿ ಗಾಳಿ. ಆಂಟೆನಾಗಳು ಒಂದೇ ದಿಕ್ಕಿಗೆ ಒಟ್ಟುಗೂಡಿಸಿ ಕೊಡುವ ಗಳಿಕೆಯನ್ನು ಬಿಟ್ಟೇ ಲೆಕ್ಕ ಹಾಕಿದರೂ ಆ ದೂರದಲ್ಲಿ ಸಿಗ್ನಲ್ ಕುಗ್ಗುವುದು 97 ಡೆಸಿಬೆಲ್ ಮಾತ್ರ. ನೆರೆಯ ಟವರಿನ ಕೂಗು ನಮ್ಮ ಅಂಚಿನ ಫೋನಿನ ಪಿಸುಮಾತಿಗಿಂತ ಸುಮಾರು ಲಕ್ಷ ಪಟ್ಟು ಜೋರಾಗಿ ಬರುತ್ತದೆ. ಈ ದನಿ ನನ್ನದಲ್ಲ. ಇದರ ಅಂಕಿ ನನ್ನ ಬಳಿ ಇಲ್ಲ. ಕದ್ದು ತೆಗೆದು ಕಳೆಯೋಣ ಅಂದರೆ ತಂತಿ ಅರ್ಧ ಕಿಲೋಮೀಟರ್ ಆಚೆ ಇದೆ.

ಈಗಿನ ಟಿಡಿಡಿ ಜಾಲಗಳಲ್ಲಿ ಈ ಪಾಡು ಯಾಕಿಲ್ಲ? ಅಲ್ಲಿ ಎಲ್ಲ ಟವರುಗಳೂ ಒಂದೇ ಗಡಿಯಾರ ನೋಡುತ್ತ ಒಟ್ಟಿಗೆ ಮಾತಾಡಿ ಒಟ್ಟಿಗೆ ಸುಮ್ಮನಾಗುತ್ತವೆ. ಆ ಶಿಸ್ತು ಎಷ್ಟು ನಾಜೂಕು ಅಂದರೆ, ಹವೆ ಕೆಲವು ಬಗೆಯಲ್ಲಿ ಪದರುಗಟ್ಟಿದಾಗ ದೂರದ ಟವರಿನ ದನಿ ಆ ಪದರದ ನಡುವೆ ಕೊಳವೆಯಲ್ಲಿ ಹರಿದ ಹಾಗೆ ಬಂದು, ಎಲ್ಲರೂ ಸುಮ್ಮನಾದ ಮೇಲೆ ತಲುಪುತ್ತದೆ. ಆ ಅರ್ಧ ಮಿಲಿಸೆಕೆಂಡಿನ ತುಂಡಿನೊಳಗಿನ ಚಿಕ್ಕ ಘಟಕಕ್ಕೆ ಚಿಹ್ನೆ (ಸಿಂಬಲ್) ಅನ್ನುತ್ತಾರೆ. ಒಂದು ಚಿಹ್ನೆಯ ಅವಧಿ ಸುಮಾರು 36 ಮೈಕ್ರೋಸೆಕೆಂಡ್, ಅಷ್ಟರಲ್ಲಿ ಅಲೆ ಹತ್ತು ಕಿಲೋಮೀಟರ್ ಮೀರಿ ಸಾಗಿರುತ್ತದೆ. ನೂರಾರು ಕಿಲೋಮೀಟರಿನಿಂದ ಬಂದದ್ದು ಎಷ್ಟು ತಡವಾಗಿ ಬಂದೀತು, ನೀವೇ ಭಾಗಿಸಿ ನೋಡಿ. 3ಜಿಪಿಪಿ ಅನ್ನುವ ಮಾನದಂಡ ಸಂಸ್ಥೆ ಇದನ್ನು ಪತ್ತೆಹಚ್ಚಲೆಂದೇ ತನ್ನ ಮಾನದಂಡದ ರಿಲೀಸ್ 16 ಅನ್ನುವ ಆವೃತ್ತಿಯಲ್ಲಿ ವಿಧಾನ ಸೇರಿಸಬೇಕಾಯಿತು. ಫುಲ್ ಡುಪ್ಲೆಕ್ಸ್ ಮಾಡುವುದೆಂದರೆ ಈ ಶಿಸ್ತನ್ನು ನಾವಾಗಿಯೇ ಕೈಬಿಟ್ಟ ಹಾಗೆ.

ಕೆಳಗೂ ಇದೇ ಕತೆ. ಟವರ್ ಮಾತ್ರ ಫುಲ್ ಡುಪ್ಲೆಕ್ಸ್, ಫೋನುಗಳು ಹಳೆಯವೇ ಅನ್ನಿ. ಆಗ ಟವರ್ ನಿಮ್ಮಿಂದ ಕೇಳಿಸಿಕೊಳ್ಳುತ್ತ ಪಕ್ಕದವರಿಗೆ ಹೇಳಬಹುದು. ಆದರೆ ಪಕ್ಕದವರು ನಿಮ್ಮ ಪಕ್ಕದ ಕುರ್ಚಿಯಲ್ಲೇ ಕೂತಿದ್ದರೆ ನಿಮ್ಮ 0.2 ವ್ಯಾಟ್ ಅವರ ಫೋನಿನ ಕಿವಿಗೆ ನೇರ ಬಡಿಯುತ್ತದೆ. ಟವರ್ ಜೋಡಿ ಆರಿಸುವಾಗ ದೂರದೂರದವರನ್ನು ಹುಡುಕಬೇಕು, ಯಾರು ಯಾರಿಗೆ ಕೇಳಿಸುತ್ತಾರೆ ಅಂತ ಅಳೆಯುತ್ತಿರಬೇಕು. ಇದರ ಮೇಲೆ ಇನ್ನೊಂದು: ನಾವು ಕೆಳಗಿಳಿಸಿಕೊಳ್ಳುವುದು ಬಹಳ, ಮೇಲಕ್ಕೆ ಕಳಿಸುವುದು ಕಡಿಮೆ. ಎರಡು ದಿಕ್ಕಿಗೂ ಸರಿಸಮ ಕೆಲಸ ಇದ್ದಾಗ ಮಾತ್ರ ಎರಡು ಪಟ್ಟು ಅನ್ನುವುದಕ್ಕೆ ಅರ್ಥ. ಒಂದು ಕೊಂಡಿಯಲ್ಲಿ ಎರಡು ಪಟ್ಟಿಗೆ ಹತ್ತಿರ ಹೋಗಬಹುದು, ಅದನ್ನು ತೋರಿಸಿದ್ದಾರೆ. ಇಡೀ ಜಾಲಕ್ಕೆ ಎರಡು ಪಟ್ಟು ಅಂತ ಯಾರಾದರೂ ಸ್ಲೈಡ್ ಹಾಕಿದರೆ ನಾನು ಮೊದಲು ಕೇಳುವುದು ನೆರೆಯ ಟವರ್ ಎಷ್ಟು ದೂರ ಇಟ್ಟಿದ್ದೀರಿ ಅಂತ.

ಇದು ಗೊತ್ತಿದ್ದೇ 3ಜಿಪಿಪಿಯವರು ಅರ್ಧ ಹೆಜ್ಜೆ ಇಟ್ಟಿದ್ದಾರೆ. ಎಸ್‌ಬಿಎಫ್‌ಡಿ, ಬಿಡಿಸಿ ಹೇಳಿದರೆ ಸಬ್‌ಬ್ಯಾಂಡ್ ಫುಲ್ ಡುಪ್ಲೆಕ್ಸ್. ರಿಲೀಸ್ 18ರಲ್ಲಿ ಅಧ್ಯಯನ, ರಿಲೀಸ್ 19ರಲ್ಲಿ ಮಾನದಂಡದ ಕೆಲಸ. 100 ಮೆಗಾಹರ್ಟ್ಸಿನ ಒಂದು ಟಿಡಿಡಿ ಪಟ್ಟಿ ಇದೆ ಅನ್ನಿ. ಟವರ್ ಮಾತಾಡುವ ಹೊತ್ತಿನಲ್ಲೂ ನಡುವಿನ ಸುಮಾರು 20 ಮೆಗಾಹರ್ಟ್ಸನ್ನು ಫೋನುಗಳಿಗೆ ಬಿಟ್ಟುಕೊಡುವುದು, ಎರಡೂ ಬದಿಯಲ್ಲಿ ತಾನು ಮಾತಾಡುವುದು, ಗಡಿಯಲ್ಲಿ ಒಂದಿಷ್ಟು ಖಾಲಿ ಜಾಗ. ಹೇಳುವ ಆಂಟೆನಾ ಪ್ಯಾನೆಲ್ ಬೇರೆ, ಕೇಳುವ ಪ್ಯಾನೆಲ್ ಬೇರೆ. ಆವರ್ತನ ಒಂದರ ಮೇಲೊಂದು ಬೀಳುವುದಿಲ್ಲವಾದ್ದರಿಂದ 146ರ ಭೂತ ಕೊಂಚ ಸಣ್ಣದಾಗುತ್ತದೆ. ಕಟ್ಟಾ ಪಂಥದವರು ಇದು ಫುಲ್ ಡುಪ್ಲೆಕ್ಸೇ ಅಲ್ಲ ಅನ್ನುತ್ತಾರೆ. ಹೆಸರಿನ ಮಟ್ಟಿಗೆ ಅವರ ಮಾತು ಸರಿ. ಆದರೆ ಇದರ ಗುರಿ ಎರಡು ಪಟ್ಟು ಅಲ್ಲ, ಅಂಚಿನ ಫೋನು. ಐದು ತುಂಡಿಗೊಂದು ಸಲ ಮಾತ್ರ ಬಾಯಿ ತೆರೆಯುತ್ತಿದ್ದ ಫೋನಿಗೆ ಐದರಲ್ಲೂ ಅವಕಾಶ ಸಿಕ್ಕರೆ ಅದೇ 0.2 ವ್ಯಾಟಿನಲ್ಲಿ ಐದು ಪಟ್ಟು ಶಕ್ತಿ ಟವರಿಗೆ ಮುಟ್ಟುತ್ತದೆ, ಅಂದರೆ ಹೆಚ್ಚೆಂದರೆ 7 ಡೆಸಿಬೆಲ್. ಜಾಲ ಕಟ್ಟುವವರು ಅರ್ಧ ಡೆಸಿಬೆಲ್‌ಗಾಗಿ ಕಿತ್ತಾಡುವುದನ್ನು ನಾನು ಕಂಡಿದ್ದೇನೆ. 7 ಅವರಿಗೆ ದೊಡ್ಡ ಗಂಟು. ಸರದಿಗಾಗಿ ಕಾಯುವುದೂ ತಪ್ಪುತ್ತದೆ.

ಪೂರ್ತಿ ಫುಲ್ ಡುಪ್ಲೆಕ್ಸ್ ಮೊದಲು ನೆಲೆಯೂರುವುದು ದೊಡ್ಡ ಟವರಿನಲ್ಲಿ ಅಲ್ಲ ಅಂತ ನನ್ನ ಅಂದಾಜು. ಕೋಣೆಯೊಳಗಿನ ಕಾಲು ವ್ಯಾಟಿನ ಸಣ್ಣ ಸೆಲ್ಲಿನಲ್ಲಿ 146 ಅನ್ನುವುದು 124ಕ್ಕೆ ಇಳಿಯುತ್ತದೆ. ಅಲ್ಲಿ ಫೋನೂ ಹತ್ತಿರವೇ ಇರುವುದರಿಂದ ಅದರ ದನಿ ಅಷ್ಟು ಕ್ಷೀಣ ಆಗಿರುವುದಿಲ್ಲ, ಕಳೆಯಬೇಕಾದದ್ದು ಇನ್ನಷ್ಟು ಕಡಿಮೆ. ಗೋಡೆಗಳೇ ನೆರೆಯವರನ್ನು ತಡೆಯುತ್ತವೆ. ಒಂದು ಕಡೆಯಿಂದ ಕೇಳಿ ಇನ್ನೊಂದು ಕಡೆಗೆ ದಾಟಿಸುವ ರಿಲೇಗಳಲ್ಲೂ ಇದಕ್ಕೆ ಜಾಗ ಇದೆ. ಅಲ್ಲಿ ಮಾತ್ರ ಕಳೆಯುವಿಕೆ ತಪ್ಪಿದರೆ ಮೊದಲು ಕೇಳಿದಿರಲ್ಲ, ಆ 'ಕುಂಯ್' ನಿಜವಾಗಿಯೂ ಏಳುತ್ತದೆ.

ಕೊನೆಗೆ ಹಿಂದಿನ ಸಾಲಿನಿಂದ ಬಂದ ಚೀಟಿ: 'ನಮ್ಮ ಕೈಯಲ್ಲಿರುವ ಫೋನಿಗೆ ಇದು ಯಾವಾಗ?' ರಿಲೀಸ್ 19ರ ಏರ್ಪಾಡಿನಲ್ಲೂ ಫೋನ್ ಒಂದು ಹೊತ್ತಿಗೆ ಹೇಳುವುದು ಇಲ್ಲವೇ ಕೇಳುವುದು, ಒಂದನ್ನೇ ಮಾಡುತ್ತದೆ, ಕಷ್ಟವೆಲ್ಲ ಟವರಿನದು. ಫೋನಿನಲ್ಲಿ ಮೊದಲ ತೊಡಕು ಜಾಗ. ಸರ್ಕ್ಯುಲೇಟರಿನೊಳಗೆ ಅಯಸ್ಕಾಂತ ಇರುತ್ತದೆ, ಅದು ಚಿಪ್ಪಿನೊಳಗೆ ಇಳಿಯುವುದಿಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದ ಹರೀಶ್ ಕೃಷ್ಣಸ್ವಾಮಿ ಅವರ ತಂಡ 2016ರಲ್ಲಿ ಅಯಸ್ಕಾಂತವಿಲ್ಲದ ಸರ್ಕ್ಯುಲೇಟರನ್ನು ಸಿಲಿಕಾನ್ ಮೇಲೆ ಮಾಡಿ ತೋರಿಸಿತು, ಆ ಬಾಗಿಲು ತೆರೆದಿದೆ. ಎರಡನೆಯ ತೊಡಕು ಬ್ಯಾಟರಿ. ಮೂರನೆಯದನ್ನು ನೀವು ಈಗಲೇ ಮಾಡುತ್ತಿದ್ದೀರಿ: ಫೋನನ್ನು ಒಂದು ಕೈಯಿಂದ ಇನ್ನೊಂದಕ್ಕೆ ದಾಟಿಸಿದಿರಿ, ಬೆರಳು ಆಂಟೆನಾ ಮೇಲೆ ಬಂತು. ಎರಡು ಮೀಟರ್ ದೂರದ ಕುರ್ಚಿಗೆ ನಮ್ಮ ಗೆರೆ ಎದ್ದು ನಿಂತಿತ್ತು. ನಿಮ್ಮ ಬೆರಳು ಅರ್ಧ ಮಿಲಿಮೀಟರ್ ದೂರದಲ್ಲಿದೆ.